ಕೆಂಪು ಚುಕ್ಕೆಯ ಆಯುಸ್ಸು

ನನ್ನ ತಮ್ಮ ನನ್ನ ಮಾತನ್ನು ನಂಬುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಮ್ಮನಿಗೆ ಗೊತ್ತು, ನನ್ನ ಹೆಂಡತಿಗಂತೂ ಚೆನ್ನಾಗಿಯೇ ಗೊತ್ತು. ನಾನು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತೇನೆ ಎಂಬುದು ಅವನ ದೂರು. ಇರಬಹುದು. ದಿನವಿಡೀ ಸ್ಟಿಯರಿಂಗ್ ಹಿಡಿದು ಒಬ್ಬನೇ ಕೂತವನು, ಸಂಜೆ ನಾಲ್ಕು ಜನ ಸಿಕ್ಕಾಗ ಒಂಚೂರು ಉಪ್ಪುಖಾರ ಹಚ್ಚದೆ ಮಾತಾಡಿದರೆ ಯಾರು ಕೇಳುತ್ತಾರೆ? ತಮ್ಮ ಹಾಗಲ್ಲ, ಚಿಕ್ಕಂದಿನಿಂದಲೂ ಅಳೆದು ತೂಗಿ ಮಾತಾಡುವ ಪ್ರಾಣಿ. ಅದಕ್ಕೇ ಸೈನ್ಯ ಅವನಿಗೆ ಒಂದು ತುಕಡಿಯನ್ನು ಕೊಟ್ಟಿತು, ನನಗೆ ನೀರಿನ ಟ್ಯಾಂಕರ್ ಕೊಟ್ಟಿತು.

ಆ ವರ್ಷ ಇಬ್ಬರೂ ಒಂದೇ ಕಣಿವೆಗೆ ಬಂದು ಬಿದ್ದೆವು. ಅವನು ಬೆಟ್ಟದ ತುದಿಯ ಪೋಸ್ಟಿನಲ್ಲಿ ಸಾಹೇಬ. ನಾನು ಕೆಳಗಿನ ಶಿಬಿರದಿಂದ ಎಲ್ಲ ಪೋಸ್ಟುಗಳ ಬುಡಕ್ಕೂ ನೀರು ಸಾಗಿಸುವ ಗುತ್ತಿಗೆ ಡ್ರೈವರ್, ಸಮವಸ್ತ್ರವೂ ಇಲ್ಲ, ಬಂದೂಕೂ ಇಲ್ಲ. ಅಮ್ಮ ಫೋನ್ ಮಾಡಿದಾಗಲೆಲ್ಲ, "ಅವನನ್ನ ನೋಡ್ಕೋಪ್ಪಾ, ನೀನು ದೊಡ್ಡೋನು" ಅನ್ನುತ್ತಿದ್ದಳು. ಬಂದೂಕು ಹಿಡಿದವನನ್ನು ಬಕೆಟ್ ಹಿಡಿದವನು ನೋಡಿಕೊಳ್ಳಬೇಕಂತೆ. ಸರಿ ಅಮ್ಮ ಎಂದೆ. ತಾಯಿಗೆ ಇನ್ನೇನು ಹೇಳುವುದು?

ಕಣಿವೆಯಲ್ಲಿ ಮೊದಲು ಒಂದು ಟವರ್ ಇತ್ತು. ಒಂದು ರಾತ್ರಿ ಶತ್ರುವಿನ ಶೆಲ್ ಬಿದ್ದು ಅದು ಮಲಗಿತು, ಇಡೀ ಸೈನ್ಯದ ಬಾಯಿ ಕಟ್ಟಿಹೋಯಿತು. ಆಮೇಲೆ ಬಂದವಳು ಸಿಗ್ನಲ್ ಮೇಡಂ. ವಯಸ್ಸಿನಲ್ಲಿ ನನಗೆ ತಂಗಿಯಾಗಬಹುದು, ನಿದ್ದೆ ಮಾತ್ರ ಕಂಡವಳ ಹಾಗಿರಲಿಲ್ಲ. ಅವಳ ಏರ್ಪಾಡಿನಲ್ಲಿ ಟವರ್ ಇಲ್ಲ, ನಡುವೆ ಕೂತು ಹಂಚುವ ಯಜಮಾನನೂ ಇಲ್ಲ. ಅಂಗೈಯಗಲದ ಸೆಟ್ಟುಗಳು, ಪ್ರತಿ ಸಿಪಾಯಿಯ ಎದೆಯ ಮೇಲೊಂದು, ಪ್ರತಿ ಗಾಡಿಯಲ್ಲೊಂದು. ಬರೆದ ಸಂದೇಶ ಹತ್ತಿರದ ಸೆಟ್ಟಿಗೆ ದಾಟುತ್ತದೆ, ಅಲ್ಲಿಂದ ಮುಂದಿನದಕ್ಕೆ. ಬೆಟ್ಟ ಅಡ್ಡ ಬಂದರೆ ಸೆಟ್ಟಿನೊಳಗೇ ಕಾದು ಕೂರುತ್ತದೆ. ಹೊತ್ತವನು ನಡೆದುಹೋಗಿ ಇನ್ನೊಬ್ಬನ ಹತ್ತಿರ ನಿಂತಾಗ ತಾನಾಗಿ ಹಾರುತ್ತದೆ. ಯಾರಿಗೆ ಬರೆದದ್ದೋ ಅವರ ಸೆಟ್ಟಿನಲ್ಲಿ ಮಾತ್ರ ಅದು ಬಿಚ್ಚಿಕೊಳ್ಳುವುದು. ಹೊತ್ತವನಿಗೆ ಕಾಣುವುದು ಬರೀ ಒಂದು ಚುಕ್ಕೆ. ಮಾಮೂಲಿ ಮಾತಿಗೆ ಬಿಳಿ, ತುರ್ತಿಗೆ ಕೆಂಪು.

"ಅಂದ್ರೆ ಕೂಲಿ ಕೆಲಸ ಅನ್ನಿ," ಎಂದೆ ನಾನು. "ಗಂಟು ಹೊರ್ಬೇಕು, ಒಳಗೆ ಏನಿದೆ ಅಂತ ಕೇಳ್ಬಾರ್ದು."

"ಹೂಂ ಅಣ್ಣ," ಎಂದಳು ಅವಳು ನಗದೆ. "ಈ ಕಣಿವೇಲಿ ಎಲ್ಲಾ ಪೋಸ್ಟಿಗೂ ಹೋಗೋದು ನೀವೊಬ್ರೇ. ನಿಮ್ಮಷ್ಟು ಹೊರೋರು ಬೇರೆ ಯಾರೂ ಇಲ್ಲ."

ಹೊಗಳಿದರೆ ಉಬ್ಬಿಹೋಗುವವನು ನಾನು. ಅಂದಿನಿಂದ ಸೆಟ್ಟನ್ನು ದಿನಾ ಒರೆಸಿ ಇಡತೊಡಗಿದೆ.

ಸಿಪಾಯಿಗಳು ಅಷ್ಟು ಉಬ್ಬಲಿಲ್ಲ. ಪಕ್ಕದ ಪೋಸ್ಟಿನವನ ಹರಟೆ ಹೊತ್ತು ತಮ್ಮ ಬ್ಯಾಟರಿ ಯಾಕೆ ಸಾಯಬೇಕು ಎಂಬುದು ಅವರ ತಕರಾರು. ಮೇಲೆ ಚಾರ್ಜ್ ಮಾಡುವುದೂ ಒಂದು ಗೋಳು. ಹಾಗಾಗಿ ನಡೆಯುವಾಗಲೆಲ್ಲ ಸೆಟ್ ಆಫ್ ಮಾಡುವುದು ರೂಢಿಯಾಯಿತು. ಎಲ್ಲರೂ ಆಫ್ ಮಾಡಿದರೆ ಹೊರುವವರು ಯಾರು ಎಂದು ಮೇಡಂ ಕೂಗಾಡಿದಳು. ಅವರು ಅವಳ ಮುಂದೆ ಆನ್ ಮಾಡುತ್ತಿದ್ದರು, ತಿರುವು ದಾಟಿದ ಮೇಲೆ ಆಫ್.

ಇನ್ನು ಚುಕ್ಕೆಗೆ ಆಯುಸ್ಸು ಕಟ್ಟಿಸಿದವನು ನನ್ನ ತಮ್ಮನೇ. ಶುರುವಿನಲ್ಲಿ ಯಾವುದೋ ಹಳೆಯ ಆದೇಶ ಬೆಟ್ಟವೆಲ್ಲ ಸುತ್ತಿ ತಡವಾಗಿ ಅವನಿಗೆ ಮುಟ್ಟಿತ್ತು. ಅದನ್ನು ನೆಚ್ಚಿ ಅವನ ಜನ ಕೊರೆಯುವ ಚಳಿಯಲ್ಲಿ ಇಡೀ ಬೆಟ್ಟ ಇಳಿದು, ಯಾರೂ ಇಲ್ಲದ ಜಾಗದಲ್ಲಿ ಪೆಚ್ಚಾಗಿ ನಿಂತು, ಮತ್ತೆ ಹತ್ತಿದ್ದರು. ಅವನು ಶಿಬಿರಕ್ಕೆ ಬಂದವನೇ ಮೇಡಂ ಮೇಜಿನ ಮುಂದೆ ನಿಂತ.

"ಹಳಸಿದ್ದನ್ನ ನಮಗೆ ಬಡಿಸ್ಬೇಡಿ ಮೇಡಂ. ತುರ್ತು ಆದೇಶ ಮೂರು ಗಂಟೇಲಿ ಮುಟ್ಲಿಲ್ವಾ, ದಾರೀಲೇ ಸಾಯ್ಲಿ."

ಅವಳು ಒಪ್ಪಿದಳು. ಸತ್ತ ಚುಕ್ಕೆಯ ಗುರುತೂ ಉಳಿಯದಂತೆ ಮಾಡಿದಳು, ಸೆಟ್ ಶತ್ರುವಿನ ಕೈಸೇರಿದರೆ ಏನೂ ಸಿಗಬಾರದೆಂದು. ಬಾಯಿಮಾತಿನ ಆದೇಶ ಆದೇಶವೇ ಅಲ್ಲ ಎಂಬ ಕಟ್ಟಳೆ ಅದಕ್ಕೂ ಮೊದಲೇ ಇತ್ತು. ನಮ್ಮವನಂತೆ ಬಂದು ಯಾರೋ ಹೇಳಿದ್ದನ್ನು ನಂಬಿ ಒಂದು ತುಕಡಿ ಹಾಳಾಗಿತ್ತಂತೆ. ಎರಡೂ ಒಳ್ಳೆಯ ನಿಯಮಗಳೇ. ತಲೆದೂಗಿದವರಲ್ಲಿ ನಾನೂ ಒಬ್ಬ.

ಇಷ್ಟು ಗೊತ್ತಿದ್ದರೆ ಆ ದಿನ ಆದದ್ದು ಅರ್ಥವಾಗುತ್ತದೆ.

ತಮ್ಮನ ಪೋಸ್ಟಿನ ಅಡಿಗೆಯವನಿಗೆ ಹೊಟ್ಟೆನೋವು ಹಿಡಿದು ಜ್ವರ ಏರಿತ್ತು. ಅಪೆಂಡಿಕ್ಸ್ ಇರಬೇಕು, ಬೇಗ ಇಳಿಸಿ ಎಂದು ಪೋಸ್ಟಿನ ಸಂದೇಶ ಓದಿ ಶಿಬಿರದ ಡಾಕ್ಟರ್ ಹೇಳಿದರು. ಮೋಡ ಕವಿದಿತ್ತು, ಹೆಲಿಕಾಪ್ಟರ್ ಮಾತೇ ಇಲ್ಲ. ತುಕಡಿಯ ಪಾಳಿಯೂ ಮುಗಿದಿದ್ದರಿಂದ ಎಲ್ಲರೂ ಸೇರಿ ಅವನನ್ನು ಹೊತ್ತು ಮಾರನೆಯ ಬೆಳಿಗ್ಗೆ ಹಳ್ಳದ ದಾರಿಯಲ್ಲಿ ಇಳಿಯಬೇಕೆಂದು ಆದೇಶವಾಯಿತು. ಅದು ಸಂಜೆಯ ಗಸ್ತಿನವರ ಸೆಟ್ಟಿನಲ್ಲಿ ಕೂತು ಹೋಗಿ ಸುಸೂತ್ರವಾಗಿ ಮುಟ್ಟಿಯೂ ಬಿಟ್ಟಿತು.

ಬೆಳಿಗ್ಗೆ ನಾನು ಟ್ಯಾಂಕರಿಗೆ ಪೈಪು ಹಾಕುತ್ತಿದ್ದಾಗ ಮೇಡಂ ಓಡಿಬಂದಳು. ಅವಳು ಓಡಿದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

"ಅಣ್ಣ, ಹಳ್ಳದ ಮೇಲ್ಗಡೆ ಗುಡ್ಡ ಕುಸಿದು ನೀರಿಗೆ ಅಡ್ಡ ಬಿದ್ದಿದೆ. ಹಿಂದೆ ದೊಡ್ಡ ಕೆರೆನೇ ಕಟ್ಕೊಂಡಿದೆ, ಡ್ರೋನಲ್ಲಿ ಕಾಣ್ತು. ಒಡೆದ್ರೆ ಪೂರ್ತಿ ಹಳ್ಳಕ್ಕೇ ನುಗ್ಗುತ್ತೆ."

"ಯಾವಾಗ ಒಡೆಯುತ್ತೆ?"

"ಗೊತ್ತಿಲ್ಲ. ಹಳ್ಳ ಬಿಟ್ಟು ಬೆಟ್ಟದ ಬೆನ್ನಿನ ದಾರೀಲಿ ಬನ್ನಿ ಅಂತ ದೊಡ್ಡ ಸಾಹೇಬ್ರು ಆದೇಶ ಹಾಕಿದಾರೆ. ನಿಮ್ಮ ಸೆಟ್ಟಿಗೆ ಬಂದಿದೆ ನೋಡಿ. ಆ ಕಡೆ ಹೋಗೋರು ಇವತ್ತು ಬೇರೆ ಯಾರೂ ಇಲ್ಲ. ಹಳ್ಳದ ಬಾಯಿ ತನಕ ಹೋಗಿ, ಅವರು ಹತ್ತಿರ ಬಂದ ತಕ್ಷಣ ತಾನಾಗೇ ಹಾರುತ್ತೆ."

ಸೆಟ್ಟಿನಲ್ಲಿ ಕೆಂಪು ಚುಕ್ಕೆ ಕೂತಿತ್ತು. ಪೈಪು ಕಿತ್ತು ಬಿಸಾಕಿ ಹೊರಟೆ.

ಅರ್ಧ ದಾರಿಯಲ್ಲಿ ರಸ್ತೆಗೆ ಕಲ್ಲು ಉರುಳಿತ್ತು. ದೊಡ್ಡದು, ನಮ್ಮ ಮನೆಯ ಬೀರುವಿನಷ್ಟು. ಹೇಳಿದೆನಲ್ಲ, ತಮ್ಮ ಇದ್ದಿದ್ದರೆ ಬೀರುವಲ್ಲ, ಸ್ಟೂಲಿನಷ್ಟು ಎನ್ನುತ್ತಿದ್ದ. ಎಷ್ಟಾದರೂ ಇರಲಿ, ಹಾರೆ ಹಾಕಿ, ಜಾಕ್ ಕೊಟ್ಟು, ಬಾಯಿಗೆ ಬಂದ ಹಾಗೆ ಬೈದು ಅದನ್ನು ಅಂಚಿಗೆ ತಳ್ಳುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಬಿಸಿಲೇರಿತ್ತು. ಹಳ್ಳದ ಬಾಯಿ ಮುಟ್ಟಿ ಹಾರ್ನ್ ಹೊಡೆದೆ. ಯಾರೂ ಇಲ್ಲ. ಚುಕ್ಕೆ ಕದಲಲಿಲ್ಲ.

ಅಲ್ಲೇ ಕಾಯಬಹುದಿತ್ತು. ಮೇಡಂ ಹೇಳಿದ್ದೂ ಅಷ್ಟೇ. ಆದರೆ ಹಳ್ಳ ಹಾವಿನಂತೆ ತಿರುಚಿಕೊಂಡು ಹೋಗುತ್ತದೆ, ಎರಡೂ ಕಡೆ ಬಂಡೆಯ ಗೋಡೆ. ಅವರು ನನ್ನ ಕಣ್ಣಿಗೆ ಬೀಳುವ ತನಕ ಚುಕ್ಕೆ ಹಾರುವುದಿಲ್ಲ, ಅಷ್ಟು ಹತ್ತಿರ ಬಂದಿದ್ದಾರೆ ಎಂದರೆ ಇಡೀ ಹಳ್ಳವನ್ನು ನಡೆದು ಮುಗಿಸಿದ್ದಾರೆ ಎಂದೇ ಅರ್ಥ. ಹಾಗಿದ್ದ ಮೇಲೆ ಆದೇಶ ಯಾರಿಗೆ ಬೇಕು, ನೆಕ್ಕುವುದಕ್ಕೆ? ಸೆಟ್ಟನ್ನು ಕೊರಳಿಗೆ ಹಾಕಿಕೊಂಡು, ಟ್ಯಾಂಕರನ್ನು ಅಲ್ಲೇ ಬಿಟ್ಟು ಹಳ್ಳಕ್ಕಿಳಿದೆ.

ನನ್ನ ಎಡ ಮೊಣಕಾಲು ಕ್ಲಚ್ ತುಳಿದು ತುಳಿದು ಸವೆದಿದೆ. ಹೊಟ್ಟೆಯ ವಿಷಯ ಬೇಡ. ಮೊಣಕಾಲುದ್ದ ಹರಿಯಬೇಕಿದ್ದ ನೀರು ಅಂದು ಪಾದ ನೆನೆಯುವಷ್ಟೇ ಇತ್ತು. ಅದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಉಳಿದ ನೀರು ಎಲ್ಲಿ ನಿಂತಿದೆ ಎಂಬುದು ಗೊತ್ತಿತ್ತಲ್ಲ. ವಾಪಸ್ ಹೋಗಿಬಿಡಲೇ ಅನ್ನಿಸಿತು, ಒಂದು ಸಲವಲ್ಲ. ಅನ್ನಿಸಿದಾಗಲೆಲ್ಲ ಕಾಲನ್ನು ಬೈದು ಮುಂದೆ ಹಾಕಿದೆ. ನಾನು ಹೋಗದಿದ್ದರೆ ಅವನಿಗೆ ಹೇಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಒಂದು ಬಂಡೆ ಹತ್ತಿ ಇಳಿಯುವಾಗ ಎದೆಯ ಮೇಲೆ ಸೆಟ್ ಗುಯ್ಯೆಂದಿತು. ಹಾರಿತು, ಹಾರಿತು ಎಂದು ಹಿಗ್ಗಿ ನೋಡಿದರೆ ಪರದೆ ಖಾಲಿ. ಕೆಂಪೂ ಇಲ್ಲ, ಬಿಳಿಯೂ ಇಲ್ಲ. ಮೂರು ಗಂಟೆ ಮುಗಿದಿತ್ತು. ಆ ಕಲ್ಲು ತಿಂದ ಹೊತ್ತು ಚುಕ್ಕೆಯ ಆಯುಸ್ಸನ್ನೇ ತಿಂದಿತ್ತು. ಸೆಟ್ಟನ್ನು ಬಡಿದೆ, ಅಲುಗಾಡಿಸಿದೆ, ಮುದುಕಿಯರಂತೆ ಶಪಿಸಿದೆ. ಆಮೇಲೆ ಬರಿಗೈಯಲ್ಲೇ ಮುಂದೆ ನಡೆದೆ, ಏನು ಮಾಡುವುದು.

ಎರಡು ತಿರುವು ದಾಟಿದ ಮೇಲೆ ಅವರು ಕಂಡರು. ಮುಂದೆ ಮೀಸೆ. ಅವನ ನಿಜ ಹೆಸರನ್ನು ಯಾರೂ ಕರೆದದ್ದಿಲ್ಲ, ಆ ಮೀಸೆ ನೋಡಿದ ಮೇಲೆ ಹೆಸರು ಬೇಕಾಗುವುದೂ ಇಲ್ಲ. ಅವನ ಹಿಂದೆ ಸ್ಟ್ರೆಚರಿನ ಮೇಲೆ ಅಡಿಗೆಯವನು, ನನಗಿಂತ ದಪ್ಪ, ಮುಖ ಬೂದಿಯ ಬಣ್ಣ. ಕೊನೆಯಲ್ಲಿ ನನ್ನ ತಮ್ಮ.

"ನೀನೇನು ಇಲ್ಲಿ?" ಎಂದ. "ಗಾಡಿ ಎಲ್ಲಿ?"

ನಾನು ಬಾಗಿ ಮಂಡಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಗುಡ್ಡ ಕುಸಿದದ್ದು, ಕೆರೆ ಕಟ್ಟಿದ್ದು, ಹೊಸ ಆದೇಶ. ಅವನು ಕೇಳಿಸಿಕೊಂಡು ತನ್ನ ಸೆಟ್ ಆನ್ ಮಾಡಿದ. ನಡಿಗೆಯಲ್ಲಿ ಎಲ್ಲರ ಸೆಟ್ಟೂ ಆಫ್ ಆಗಿತ್ತು, ಮಾಮೂಲಿನಂತೆ. ನನ್ನ ಸೆಟ್ಟಿನ ಪಕ್ಕ ಹಿಡಿದು ಕಾದ.

"ಎಲ್ಲಿ?"

"ಸತ್ತೋಯ್ತು. ಈಗ್ತಾನೆ. ಮೂರು ಗಂಟೆ ಆಯ್ತು."

ಆ ಮೂರು ಗಂಟೆ ಯಾರದ್ದು ಎಂದು ಅವನಿಗೂ ಗೊತ್ತಿತ್ತು. ಸೆಟ್ಟನ್ನು ಕೆಳಗಿಳಿಸಿದ.

"ಸಾಹೇಬ್ರೇ," ಎಂದ ಮೀಸೆ, "ಬೆನ್ನಿನ ದಾರಿ ಅಂದ್ರೆ ಸಂಜೆ ಆಗೋಗುತ್ತೆ. ಅಲ್ಲೀ ತನಕ ಇವನು ಉಳಿಯಲ್ಲ. ಇನ್ನು ಸ್ವಲ್ಪ ದೂರ ಇಳಿದ್ರೆ ರಸ್ತೆನೇ ಇದೆ."

"ನನ್ನನ್ನೂ ಒಂದ್ಮಾತು ಕೇಳ್ರಪ್ಪಾ," ಎಂದ ಅಡಿಗೆಯವನು ಕಣ್ಣು ಮುಚ್ಚಿಕೊಂಡೇ.

"ನೀರು ನೋಡೋ," ಎಂದೆ ತಮ್ಮನಿಗೆ. "ಈ ಹಳ್ಳದಲ್ಲಿ ಇಷ್ಟೇ ನೀರು ಇರೋದಾ?"

"ಮೇಲೆ ರಾತ್ರಿ ಹೆಪ್ಪುಗಟ್ಟಿದ್ರೂ ಹಿಂಗೇ ಆಗುತ್ತೆ." ಅವನು ನನ್ನ ಮುಖವನ್ನೇ ನೋಡಿದ. "ಆದೇಶ ನೀನು ಓದಿದ್ಯಾ?"

ನನ್ನ ಸೆಟ್ಟಿನಲ್ಲಿ ಅದು ಬಿಚ್ಚಿಕೊಳ್ಳುವುದಿಲ್ಲ, ನಿಜ. ಆದರೆ ಮೇಡಂ ಪರದೆಯಲ್ಲಿ ಓದಿದೆ ಎನ್ನಬಹುದಿತ್ತು. ದೊಡ್ಡ ಸಾಹೇಬರ ಸಹಿ ಕಣ್ಣಾರೆ ಕಂಡೆ, ಕೆರೆಯ ಫೋಟೋ ನೋಡಿದೆ, ಸಮುದ್ರದ ಹಾಗಿತ್ತು ಎನ್ನಬಹುದಿತ್ತು. ಇಂಥವು ನನಗೆ ನೀರು ಕುಡಿದಷ್ಟು ಸುಲಭ. ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅದು ಹೇಗೆ ಹಿಂದಕ್ಕೆ ಹೋಯಿತೋ ಇಂದಿಗೂ ತಿಳಿಯದು. ಸ್ಟ್ರೆಚರಿನ ಮೇಲಿದ್ದವನು ನರಳಿದ. ಇವನ ಜೀವವನ್ನು ನನ್ನ ಮಾತಿನ ಮೇಲೆ ಇಟ್ಟು ತೂಗುತ್ತಿದ್ದಾರೆ, ತೂಕದಲ್ಲಿ ಮೋಸ ಬೇಡ ಅನ್ನಿಸಿತು.

"ಇಲ್ಲ," ಎಂದೆ. "ಓದಿಲ್ಲ. ಮೇಡಂ ಹೇಳಿದ್ದನ್ನ ಕೇಳ್ದೆ ಅಷ್ಟೇ. ಕೆರೆನೂ ನಾನು ನೋಡಿಲ್ಲ. ಇವತ್ತೇ ಒಡೆಯುತ್ತಾ ಅಂದ್ರೆ ಅದೂ ನಂಗೊತ್ತಿಲ್ಲ. ಅವರು ಓಡ್ಕೊಂಡು ಬಂದು ಹೇಳಿದ್ರು, ನಾನು ಬಂದೆ. ನನ್ನ ಹತ್ರ ಇರೋದು ಇಷ್ಟೇ ಕಣೋ."

ಅವನು ಒಂದು ಸಲ ಅಡಿಗೆಯವನ ಮುಖ ನೋಡಿದ, ಒಂದು ಸಲ ಕೆಳಗಿನ ದಾರಿ ನೋಡಿದ. ಆಮೇಲೆ ತನ್ನ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಸ್ಟ್ರೆಚರಿನ ಹಿಂದಿನ ಹಿಡಿಗೆ ತಾನೇ ಕೈಹಾಕಿದ.

"ತಿರುಗಿಸಿ. ಮೇಲಕ್ಕೆ."

ಬೆನ್ನಿನ ದಾರಿಗೆ ಹತ್ತುವುದೆಂದರೆ ಕೈಕಾಲು ನಾಲ್ಕೂ ಬೇಕು, ಅದರ ಮೇಲೆ ಆ ಭಾರ. ಹತ್ತಿರದ ಸೀಳಿನಿಂದ ಹಳ್ಳ ಬಿಟ್ಟು ಮೇಲೇರಿದೆವು. ಹಗ್ಗ ಕಟ್ಟಿ ಎಳೆದೆವು, ಭುಜ ಕೊಟ್ಟು ನೂಕಿದೆವು. ಮೀಸೆ ನನ್ನ ಪಕ್ಕಕ್ಕೆ ಬಂದಾಗಲೆಲ್ಲ ನನಗೆ ಕೇಳುವಷ್ಟೇ ಗಟ್ಟಿಯಾಗಿ ಗೊಣಗಿದ. "ಸಾಹೇಬ್ರ ಅಣ್ಣ ಅಂತ ಸುಮ್ನಿದೀನಿ. ಇವನಿಗೇನಾದ್ರೂ ಆಗ್ಲಿ, ಆಮೇಲೆ ನೋಡ್ಕೋತೀನಿ." ನಾನು ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆದೆ.

ಬೆನ್ನಿನ ಮೇಲೆ ಬಂದು ನಿಂತಾಗ ಕೆಳಗೆ ಹಳ್ಳ ತಣ್ಣಗೆ ಬಿದ್ದುಕೊಂಡಿತ್ತು. ಬಿಸಿಲಲ್ಲಿ ಕಲ್ಲುಗಳು ಒಣಗುತ್ತಿದ್ದವು. ಬರಲಪ್ಪ ನೀರು, ಬೇಗ ಬರಲಿ ಎಂದು ಬೇಡಿಕೊಂಡೆ. ಪ್ರವಾಹ ಬರಲಿ ಎಂದು ಹಾರೈಸುವ ಮನುಷ್ಯನನ್ನು ಏನನ್ನಬೇಕು? ನಾಚಿಕೆಯಾಯಿತು, ಆದರೂ ಬೇಡಿಕೊಂಡೆ. ನೀರು ಬರದಿದ್ದರೆ ನನ್ನ ತಮ್ಮ, ಕೈಯಲ್ಲಿದ್ದ ಆದೇಶವನ್ನು ಡ್ರೈವರನ ಬಾಯಿಮಾತಿಗೆ ಮೀರಿದವನಾಗುತ್ತಿದ್ದ, ಅಡಿಗೆಯವನು ಸತ್ತರೆ ಕೊಂದವನೂ ಆಗುತ್ತಿದ್ದ.

"ಎಲ್ರೂ ಸೆಟ್ ಆನ್ ಮಾಡಿ," ಎಂದ ತಮ್ಮ. "ಶಿಬಿರಕ್ಕೆ ಹೇಳ್ಬೇಕು, ಗಾಡಿ ಈ ಕಡೆ ಬರ್ಲಿ."

ಆನ್ ಮಾಡಿದರು. ಏನೂ ಆಗಲಿಲ್ಲ, ಶಿಬಿರ ಮುಂದಿನ ಗುಡ್ಡದ ಮರೆಯಲ್ಲಿತ್ತು.

"ಒಟ್ಟಿಗೆ ಗುಂಪು ಕಟ್ಕೊಂಡು ನಿಂತ್ರೆ ಒಂದೇ ಸೆಟ್ ಇದ್ದ ಹಾಗೆ ಅಂತಾರೆ ಮೇಡಂ," ಎಂದೆ. "ದೂರ ದೂರ ನಿಂತ್ರೆ ಕೈಯಿಂದ ಕೈಗೆ ಹೋಗುತ್ತೆ."

ಹೊರುವುದಕ್ಕೆ ನಾಲ್ವರನ್ನು ಉಳಿಸಿಕೊಂಡು ತಮ್ಮ ಉಳಿದವರನ್ನು ಮುಂದಕ್ಕೆ ಅಟ್ಟಿದ. ಒಬ್ಬೊಬ್ಬನೂ ಹಿಂದಿನವನು ಕಣ್ಣಿಗೆ ಕಾಣುವಷ್ಟು ದೂರ ಓಡಿ ಬಂಡೆ ಹತ್ತಿ ನಿಂತ. ಕಟ್ಟಕಡೆಯವನು ಗುಡ್ಡದ ಮೂಗಿನ ಮೇಲೆ ಇರುವೆಯಷ್ಟಾಗಿ ಕಂಡ, ಅಲ್ಲಿಂದ ಶಿಬಿರಕ್ಕೆ ಎದುರಾಗಿದ್ದ ಕಣಿವೆಯಾಚೆಯ ಪೋಸ್ಟ್ ಕಾಣುತ್ತಿತ್ತು. ತಮ್ಮ ಬರೆಯುತ್ತ ಎಲ್ಲರಿಗೂ ಕೇಳುವಂತೆ ಓದಿದ. "ಹಳ್ಳದ ದಾರಿ ಬಿಟ್ಟಿದ್ದೇನೆ. ಬೆನ್ನಿನ ದಾರಿಯಲ್ಲಿ ಬರುತ್ತಿದ್ದೇನೆ. ಹೊಣೆ ನನ್ನದು. ದಾರಿಯ ಕೊನೆಗೆ ಗಾಡಿ ಮತ್ತು ಡಾಕ್ಟರ್ ಬೇಕು." ಕೆಂಪು ಚುಕ್ಕೆ ನನ್ನ ಸೆಟ್ಟಿನಲ್ಲೂ ಮೂಡಿತು. ಮುಂದಿನ ಬಂಡೆಯವನು ಕೈಯೆತ್ತಿದ, ಅವನಾಚೆಯವನೂ ಎತ್ತಿದ.

ಸದ್ದು ಶುರುವಾದದ್ದು ಆಮೇಲೆ. ಭಾರದ ಲಾರಿಗಳ ಸಾಲೊಂದು ಏರು ಹತ್ತುತ್ತಿದೆ ಅನ್ನಿಸಿತು ನನಗೆ. ಮೇಲಿನ ತಿರುವಿನಿಂದ ನೀರು ಬಂತು. ನೀರಿನ ಬಣ್ಣವೇ ಇರಲಿಲ್ಲ, ಮಣ್ಣು, ಮರ, ಬಂಡೆ ಎಲ್ಲ ಸೇರಿದ ಒಂದು ರಾಡಿ, ಎರಡು ಗೋಡೆಗಳ ನಡುವೆ ಅರ್ಧಕ್ಕೂ ಮೇಲೆ ತುಂಬಿಕೊಂಡು. ಇದರಲ್ಲಿ ಒಂದಕ್ಕೆ ಹತ್ತು ಸೇರಿಸಿಲ್ಲ. ನಾವು ನಿಂತು ಮಾತಾಡಿದ್ದ ಜಾಗ ಕಣ್ಣ ಮುಂದೆಯೇ ಮುಳುಗಿತು. ಮೀಸೆ ನೆಲದ ಮೇಲೆ ಕೂತುಬಿಟ್ಟ.

"ಏಳೋ," ಎಂದ ತಮ್ಮ. "ಇವನು ಇನ್ನೂ ಬದುಕಿದಾನೆ. ಹಿಡಿ."

ಮೀಸೆ ಎದ್ದು ಹಿಡಿದ. ಆಮೇಲೆ ಇಳಿಯುವ ತನಕ ಅವನು ಕೈ ಬದಲಿಸಲು ಒಪ್ಪಲೇ ಇಲ್ಲ. ಹಳ್ಳದ ಬಾಯಲ್ಲಿ ನಿಂತಿದ್ದ ನನ್ನ ಟ್ಯಾಂಕರ್ ನೆನಪಾದದ್ದು ಒಂದಷ್ಟು ದೂರ ಹೋದ ಮೇಲೆ. ಎಷ್ಟು ವರ್ಷ ಅದರ ಮೇಲೆ ಕೂತು ಅನ್ನ ತಿಂದಿದ್ದೆ.

ಬೆನ್ನಿನ ದಾರಿಯ ಕೊನೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಸಂದೇಶ ಮುಟ್ಟಿತ್ತು. ಡಾಕ್ಟರ್ ಅಡಿಗೆಯವನ ಹೊಟ್ಟೆ ಒತ್ತಿ ನೋಡಿ, ಅವನು ಕಿರುಚಿದ್ದನ್ನು ಕೇಳಿ, "ಇನ್ನೂ ಒಡೆದಿಲ್ಲ, ಹೊತ್ತಿದೆ" ಎಂದು ಗಾಡಿ ಹತ್ತಿದರು. ಮೇಡಂ ಅಲ್ಲೇ ನಿಂತಿದ್ದಳು, ಕಣ್ಣು ಕೆಂಪಗೆ. "ಇನ್ಮೇಲೆ ಕೆಂಪು ಚುಕ್ಕೆ ಹೊತ್ತು ಮೀರಿತು ಅಂತ ಸಾಯಲ್ಲ," ಎಂದಳು ತಮ್ಮನಿಗೆ. "ಮುಟ್ಟಬೇಕಾದೋರು ಕಣ್ಣಲ್ಲಿ ನೋಡ್ದ ಮೇಲೇನೇ ಸಾಯೋದು. ತಡವಾದ್ರೆ ತಡ ಅಂತ ಬರ್ಕೊಂಡು ಬರುತ್ತೆ." ತಮ್ಮ ತಲೆಯಾಡಿಸಿ, "ನಮ್ಮ ಸೆಟ್ ಆಫ್ ಆಗಲ್ಲ ಮೇಡಂ" ಎಂದ. ಮೀಸೆ ತನ್ನ ಸೆಟ್ಟಿನ ದೂಳನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ.

ಎಲ್ಲರೂ ಲಾರಿ ಹತ್ತುವಾಗ ನಾವಿಬ್ಬರು ರಸ್ತೆಯ ಅಂಚಿನಲ್ಲಿ ಕೂತೆವು. ನನ್ನ ಮಂಡಿ ಊದಿತ್ತು. ಅವನು ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ನನಗೆ ಕೊಟ್ಟ.

"ಹುಟ್ಟಿದಾಗಿಂದ ನನ್ನ ಒಂದು ಮಾತು ನಂಬ್ಲಿಲ್ಲ ನೀನು," ಎಂದೆ. "ಇವತ್ತು ಯಾಕೋ ನಂಬ್ದೆ?"

ಅವನು ಬೂಟಿನ ದಾರ ಬಿಚ್ಚತೊಡಗಿದ.

"ಓದಿಲ್ಲ ಅಂದ್ಯಲ್ಲ, ಅದಕ್ಕೇ."

"ಓದಿದೀನಿ ಅಂದಿದ್ರೆ?"

"ಶುರುವಾಯ್ತು ಇವನದ್ದು ಅಂದ್ಕೊಂಡು ಹಳ್ಳದಲ್ಲೇ ಇಳೀತಿದ್ದೆ."

ನಾಲಿಗೆಯ ತುದಿಯ ತನಕ ಬಂದಿದ್ದ ಆ ಸುಳ್ಳು ನೆನಪಾಗಿ, ಬಾಟಲಿಯನ್ನು ಅವನಿಗೇ ವಾಪಸ್ ಕೊಟ್ಟೆ. ಅವನು ಅದನ್ನು ಪಕ್ಕಕ್ಕಿಟ್ಟು, ಊದಿದ ನನ್ನ ಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತ.